ಗ್ಯಾರೇಜ್ ಪ್ರಶ್ನೋತ್ತರ: ಕಾರ್ಬರೇಟರ್ ಸಿಂಕ್ ಎಷ್ಟು ದಿನಕ್ಕೊಮ್ಮೆ?

ಒಂದಕ್ಕಿಂತ ಹೆಚ್ಚು ಕಾರ್ಬರೇಟರ್ ಇರುವ ಹಳೆಯ ಬೈಕುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಸಿಂಕ್ ಅಂದರೆ ಎಲ್ಲ ಕಾರ್ಬರೇಟರುಗಳೂ ಒಟ್ಟಿಗೆ, ಒಂದೇ ಅಳತೆಯಲ್ಲಿ ತೆರೆಯುವಂತೆ ಹೊಂದಿಸುವುದು. ಒಂದೇ ಕಾರ್ಬರೇಟರ್ ಇರುವ ಗಾಡಿಯವರೂ ಇದೇ ಪ್ರಶ್ನೆ ಕೇಳಿದ್ದಾರೆ, ಅವರಿಗೂ ಉತ್ತರ ಇದೆ.

ಪ್ರಶ್ನೆ: ನನ್ನ ಬಳಿ 1985ರ ರಾಜದೂತ್ 350 ಇದೆ. ಹೆಚ್ಚಾಗಿ ಭಾನುವಾರ ಮಾತ್ರ ಹೊರಗೆ ತೆಗೆಯುತ್ತೇನೆ. ಪ್ರತಿ ಸರ್ವೀಸಿಗೂ ಎರಡು ಕಾರ್ಬರೇಟರ್ ಸಿಂಕ್ ಮಾಡಿಸಲೇಬೇಕು ಎನ್ನುತ್ತಾರೆ ಮೆಕ್ಯಾನಿಕ್. ನಿಜವಾಗಿ ಎಷ್ಟು ಕಿಲೋಮೀಟರಿಗೊಮ್ಮೆ ಬೇಕು? ಮನೆಯಲ್ಲೇ ಮಾಡಿಕೊಳ್ಳಬಹುದೆ?
— ಬಸವನಗುಡಿ, ಬೆಂಗಳೂರು

ಉತ್ತರ: ಪರೀಕ್ಷಿಸುವುದು 3,000 ಕಿಲೋಮೀಟರಿಗೊಮ್ಮೆ. ಸ್ಕ್ರೂ ತಿರುಗಿಸುವುದು ಸಿಂಕ್ ತಪ್ಪಿದ್ದರೆ ಮಾತ್ರ. ಮೆಕ್ಯಾನಿಕ್ ಹೇಳುವ ‘ಪ್ರತಿ ಸರ್ವೀಸ್’ ಮೊದಲನೆಯದಕ್ಕೆ ಸರಿ, ಎರಡನೆಯದಕ್ಕೆ ಸರಿಯಲ್ಲ. ಸುಮ್ಮನಿರುವ ಸ್ಕ್ರೂವನ್ನು ಪ್ರತಿ ಸಲ ತಿರುಗಿಸುತ್ತ ಹೋದರೆ ಅದರ ತಲೆ ಸವೆಯುತ್ತದೆ, ಮೂಲ ಅಳತೆಯೂ ಕಳೆದುಹೋಗುತ್ತದೆ. ನಿಮ್ಮ ಗಾಡಿ ವರ್ಷಕ್ಕೆ ಅಷ್ಟು ಓಡದಿದ್ದರೆ ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಿದರೆ ಸಾಕು. ಆಕ್ಸಿಲರೇಟರ್ ಕೇಬಲ್ ಬದಲಿಸಿದಾಗ, ಕಾರ್ಬರೇಟರ್ ಬಿಚ್ಚಿ ತೊಳೆದಾಗ, ಕಾರ್ಬರೇಟರನ್ನು ಎಂಜಿನ್ನಿಗೆ ಜೋಡಿಸುವ ಮ್ಯಾನಿಫೋಲ್ಡ್ ರಬ್ಬರ್ ಹೊಸದು ಹಾಕಿದಾಗ ಮಾತ್ರ ಕಿಲೋಮೀಟರ್ ಲೆಕ್ಕ ಬಿಟ್ಟು ಕೂಡಲೇ ನೋಡಬೇಕು. ಹೊಸ ಕೇಬಲ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಹಿಗ್ಗುತ್ತದೆ. ಜೆ.ಸಿ. ರಸ್ತೆಯಲ್ಲಿ ಸಿಗುವ ಅಗ್ಗದ ಕೇಬಲ್‌ಗಳಲ್ಲಿ ಎರಡು ಕವಲಿನ ಉದ್ದವೇ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಇರುವುದುಂಟು. ಅಂಗಡಿಯಲ್ಲೇ ಎರಡನ್ನೂ ಜೋಡಿಸಿ ಹಿಡಿದು ನೋಡಿ ತನ್ನಿ.

ಈ ಕೆಲಸ ಮನೆಯಲ್ಲೇ ಆಗುತ್ತದೆ, ವ್ಯಾಕ್ಯೂಮ್ ಗೇಜ್ (ಸಿಲಿಂಡರ್ ಗಾಳಿ ಎಳೆಯುವ ಬಲ ಅಳೆಯುವ ಸಾಧನ) ಬೇಕಿಲ್ಲ. ನಿಮ್ಮ 347 ಸಿಸಿ ಎಂಜಿನ್ ಟೂ ಸ್ಟ್ರೋಕ್. ಎರಡು ಸಿಲಿಂಡರಿಗೂ ತನ್ನದೇ ಮಿಕುನಿ ಸ್ಲೈಡ್ ಕಾರ್ಬರೇಟರ್ ಇದೆ. ಸ್ಲೈಡ್ ಅಂದರೆ ಆಕ್ಸಿಲರೇಟರ್ ಕೊಟ್ಟಾಗ ಮೇಲೆದ್ದು ಗಾಳಿಯ ದಾರಿ ತೆರೆಯುವ ತುಂಡು. ಇಲ್ಲಿ ಸಿಂಕ್ ಅಂದರೆ ಎರಡೂ ಸ್ಲೈಡ್ ಒಂದೇ ಗಳಿಗೆಯಲ್ಲಿ ಮೇಲೇಳಬೇಕು, ಒಂದೇ ಎತ್ತರದಲ್ಲಿರಬೇಕು, ಅಷ್ಟೆ. ಅದನ್ನು ಕಣ್ಣಿಂದಲೇ ನೋಡಬಹುದು.

ಕಾರ್ಬರೇಟರಿಗೆ ಕೈಹಾಕುವ ಮೊದಲು ಪಾಯಿಂಟ್ಸ್ (ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್) ನೋಡಿ. ಈ ಗಾಡಿಯಲ್ಲಿ ಎರಡು ಸಿಲಿಂಡರಿಗೂ ಪ್ರತ್ಯೇಕ ಪಾಯಿಂಟ್ಸ್. ಒಂದರ ಗ್ಯಾಪ್ 0.3, ಇನ್ನೊಂದರದು 0.5 ಮಿ.ಮೀ. ಆಗಿದ್ದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಬೇರೆಬೇರೆಯಾಗಿ, ಸಿಂಕ್ ತಪ್ಪಿದಾಗಿನ ನಡುಕ, ಮಿಸ್ಸಿಂಗ್ ಎಲ್ಲವೂ ಬರುತ್ತವೆ. ಗ್ಯಾಪ್ 0.3ರಿಂದ 0.4ರ ಒಳಗಿರಲಿ. ಟೈಮಿಂಗ್ ಎರಡಕ್ಕೂ ಪಿಸ್ಟನ್ ಮೇಲಿನ ತುದಿಗೆ 2.0 ಮಿ.ಮೀ. ಮುಂಚೆ, ಡಯಲ್ ಗೇಜ್ ಇಟ್ಟೇ ಹೊಂದಿಸಬೇಕು. ಎರಡೂ ಪ್ಲಗ್ ಒಂದೇ ನಂಬರಿನವು, ಒಂದೇ ವಯಸ್ಸಿನವು ಆಗಿರಲಿ.

ಈಗ ಸಿಂಕ್. ಎಂಜಿನ್ ಆಫ್ ಇರಲಿ, ಟ್ಯಾಂಕಿನ ನಲ್ಲಿ ಮುಚ್ಚಿರಲಿ. ಏರ್‌ಫಿಲ್ಟರಿನ ರಬ್ಬರ್ ಕಳಚಿ, ಕಾರ್ಬರೇಟರಿನ ಬಾಯಿ ಕಾಣುವಂತೆ ಮಾಡಿಕೊಳ್ಳಿ. ಎರಡೂ ಐಡ್ಲಿಂಗ್ ಸ್ಕ್ರೂಗಳನ್ನು ಹಿಂದಕ್ಕೆ ತಿರುಗಿಸಿ, ಸ್ಲೈಡ್ ಪೂರ್ತಿ ಕೆಳಗೆ ಕೂರಲಿ. ಎಷ್ಟು ಸುತ್ತು ತಿರುಗಿಸಿದಿರಿ ಎಂದು ಬರೆದಿಟ್ಟುಕೊಳ್ಳಿ.

2.5 ಮಿ.ಮೀ. ಡ್ರಿಲ್ ಬಿಟ್ ಎರಡು ಬೇಕು. ಎರಡಕ್ಕೂ ದಾರ ಕಟ್ಟಿ, ದಾರದ ತುದಿ ಹೊರಗಿರಲಿ. ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿ ಸ್ಲೈಡ್ ಎತ್ತಿ, ಬಿಟ್ಟಿನ ನುಣುಪು ಭಾಗವನ್ನು ಸೂಜಿಯ ಪಕ್ಕದಿಂದ ಒಳಗೆ ತೂರಿಸಿ. ಫಿಲ್ಟರ್ ಕಡೆ ಸ್ಲೈಡಿನ ಅಂಚು ಓರೆಯಾಗಿ ಕತ್ತರಿಸಿರುತ್ತದೆ, ಅಲ್ಲಿ ಬಿಟ್ ಸಿಕ್ಕಿಕೊಳ್ಳುವುದಿಲ್ಲ. ಎಂಜಿನ್ ಕಡೆಯ ಅಂಚಿನವರೆಗೂ ಹೋಗಬೇಕು. ಆಕ್ಸಿಲರೇಟರ್ ಬಿಟ್ಟರೆ ಸ್ಲೈಡ್ ಬಿಟ್ಟನ್ನು ಕಚ್ಚಿ ಹಿಡಿಯುತ್ತದೆ. ಎರಡೂ ಕಡೆ ಹೀಗೆ ಮಾಡಿ, ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಿ. ಎರಡೂ ಬಿಟ್ ಒಟ್ಟಿಗೆ ಸಡಿಲವಾದರೆ ಸಿಂಕ್ ಸರಿಯಿದೆ, ಏರ್‌ಫಿಲ್ಟರ್ ಹಾಕಿ ಮುಚ್ಚಿಬಿಡಿ. ಒಂದು ಮೊದಲು ಬಿದ್ದರೆ ಆ ಕಡೆಯ ಸ್ಲೈಡ್ ಮೊದಲೇ ಏಳುತ್ತಿದೆ ಎಂದರ್ಥ. ಅದೇ ಕಾರ್ಬರೇಟರಿನ ತಲೆಯ ಮೇಲಿರುವ ಕೇಬಲ್ ಅಡ್ಜಸ್ಟರಿನ ಚೆಕ್‌ನಟ್ ಸಡಿಲಿಸಿ, ಅಡ್ಜಸ್ಟರನ್ನು ಕಾಲು ಸುತ್ತು ಒಳಗೆ ತಿರುಗಿಸಿ ಮತ್ತೆ ನೋಡಿ. ಚೆಕ್‌ನಟ್ ಬಿಗಿಮಾಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಲೇಬೇಕು, ಬಿಗಿಮಾಡುವಾಗ ಅಡ್ಜಸ್ಟರ್ ಜೊತೆಗೇ ತಿರುಗುವುದು ಸಾಮಾನ್ಯ.

ಕೊನೆಯಲ್ಲಿ ಹೊರಕೇಬಲ್ ತುದಿಯಲ್ಲಿ ಎರಡೂ ಕಡೆ ಸುಮಾರು 1 ಮಿ.ಮೀ. ಸಡಿಲ ಉಳಿದಿರಬೇಕು. ಉಳಿಯದಿದ್ದರೆ ಸ್ಲೈಡ್ ಐಡ್ಲಿಂಗ್ ಸ್ಕ್ರೂ ಮೇಲೆ ಕೂರದೆ ಕೇಬಲ್ಲಿನಲ್ಲಿ ನೇತಾಡುತ್ತದೆ, ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಆರ್‌ಪಿಎಂ ಏರುತ್ತದೆ. ಆಕ್ಸಿಲರೇಟರ್ ಪೂರ್ತಿ ತೆರೆದು ಬೆರಳು ಹಾಕಿಯೂ ನೋಡಿ: ಎರಡು ಕಡೆಯೂ ಸ್ಲೈಡಿನ ಅಂಚು ದಾರಿಗೆ ಅಡ್ಡ ಬರಬಾರದು.

ಐಡ್ಲಿಂಗ್ ಸ್ಕ್ರೂಗಳನ್ನು ಬರೆದಿಟ್ಟ ಸುತ್ತಿಗೆ ತನ್ನಿ. ಏರ್ ಸ್ಕ್ರೂ ಎರಡೂ ಒಂದೇ ಸುತ್ತಿನಲ್ಲಿರಲಿ, ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ ಎಂಬುದು ಒಳ್ಳೆಯ ಆರಂಭ. ಐದಾರು ಕಿಲೋಮೀಟರ್ ಓಡಿಸಿ ಎಂಜಿನ್ ಬಿಸಿಯಾದ ಮೇಲೆ ಎರಡು ಸೈಲೆನ್ಸರಿನ ತುದಿಗೂ, ಲೋಹ ಮುಟ್ಟದಂತೆ, ಅಂಗೈ ಹಿಡಿಯಿರಿ. ಹೊಡೆತ ಎಡಬಲ ಸಮನಾಗಿರಬೇಕು. ಕಮ್ಮಿಯಿರುವ ಕಡೆಯ ಐಡ್ಲಿಂಗ್ ಸ್ಕ್ರೂವನ್ನು ಎಂಟನೇ ಒಂದು ಸುತ್ತು ಒಳಗೆ, ಇನ್ನೊಂದನ್ನು ಅಷ್ಟೇ ಹೊರಗೆ. ಒಟ್ಟು ಐಡ್ಲಿಂಗ್ 1,300 ಆರ್‌ಪಿಎಂ ಸುತ್ತಮುತ್ತ ನಿಲ್ಲಲಿ. ಒಂದು ಪ್ಲಗ್ ಕ್ಯಾಪ್ ಕಿತ್ತು ಇನ್ನೊಂದು ಸಿಲಿಂಡರ್ ನೋಡುವ ಹಳೆಯ ಪದ್ಧತಿಯೂ ಇದೆ. ಹಾಗೆ ಮಾಡುವವರು ಕಿತ್ತ ಕ್ಯಾಪಿಗೆ ಬೇರೊಂದು ಪ್ಲಗ್ ಸಿಕ್ಕಿಸಿ ಎಂಜಿನ್ನಿಗೆ ಅರ್ತ್ ಮಾಡಿ. ಗಾಳಿಯಲ್ಲಿ ಬಿಟ್ಟರೆ ಕಾಯಿಲ್ ಸುಡಬಹುದು.

ಇಷ್ಟಕ್ಕೇ ನಿಲ್ಲಿಸಬೇಡಿ. ನಿಮ್ಮ ಗಾಡಿಯಲ್ಲಿ ಆಯಿಲ್ ಪಂಪ್ ಇನ್ನೂ ಇದ್ದರೆ ಅದರ ಕೇಬಲ್ಲೂ ಇದೇ ಆಕ್ಸಿಲರೇಟರಿನಿಂದ ಬರುತ್ತದೆ. ಸ್ಲೈಡುಗಳನ್ನು ಸರಿಮಾಡಿದ ಮೇಲೆ ಪಂಪಿನ ಲೆಕ್ಕ ಬದಲಾಗಿರುತ್ತದೆ. ಆಕ್ಸಿಲರೇಟರಿನ ಸಡಿಲವಷ್ಟೇ ಮುಗಿದು ಸ್ಲೈಡ್ ಇನ್ನೇನು ಏಳಬೇಕು ಎನ್ನುವಲ್ಲಿ ಹಿಡಿದು ನೋಡಿ, ಪಂಪ್ ಪುಲ್ಲಿಯ ಗುರುತು ಪಿನ್ನಿಗೆ ನೇರ ಇರಬೇಕು. ಪಂಪ್ ಕೇಬಲ್ ಸಡಿಲವಾಗಿದ್ದರೆ ಸ್ಲೈಡ್ ಎದ್ದರೂ ಆಯಿಲ್ ಹಿಂದೆ ಬೀಳುತ್ತದೆ, ಹೆದ್ದಾರಿಯಲ್ಲಿ ಪಿಸ್ಟನ್ ಸೀಜ್ ಆಗುವುದು ಹೀಗೆಯೇ. ಬಿಗಿಯಾಗಿದ್ದರೆ ಹೊಗೆ, ಕಪ್ಪು ಪ್ಲಗ್, ಅಷ್ಟೆ. ಸಿಂಕ್ ಸ್ವಲ್ಪ ತಪ್ಪಿದ್ದಕ್ಕೆ ಎಂಜಿನ್ ಕೆಡುವುದಿಲ್ಲ, ನಡುಗುತ್ತದೆ. ಪಂಪ್ ತಪ್ಪಿದರೆ ಕೆಡುತ್ತದೆ. ಪಂಪ್ ತೆಗೆದು ಪೆಟ್ರೋಲಿಗೇ ಆಯಿಲ್ ಬೆರೆಸುವವರಾದರೆ ಈ ಹೆಜ್ಜೆ ಬೇಡ.

ಪ್ರಶ್ನೆ: ನಮ್ಮ ತಂದೆಯವರ ಯೆಜ್ಡಿಗೆ ಎರಡು ಸೈಲೆನ್ಸರ್. ಎಡಗಡೆಯದರಲ್ಲಿ ಹೊಗೆ ಹೆಚ್ಚು, ಬಲಗಡೆಯದರಲ್ಲಿ ಕಮ್ಮಿ. ಎರಡು ಸಿಲಿಂಡರ್ ಸಿಂಕ್ ತಪ್ಪಿದೆ ಎಂದು ಒಬ್ಬರು ಹೇಳಿದರು. ಏನು ಮಾಡಲಿ?
— ಮೈಸೂರು

ಉತ್ತರ: ಸಿಂಕ್ ಮಾಡಲು ಅಲ್ಲಿ ಎರಡನೆಯದೇ ಇಲ್ಲ. ನಿಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ 250 ಸಿಸಿ ಯೆಜ್ಡಿಗೆ ಸಿಲಿಂಡರ್ ಒಂದು, ಕಾರ್ಬರೇಟರ್ ಒಂದು. ಆ ಒಂದೇ ಸಿಲಿಂಡರಿಗೆ ಹೊಗೆ ಹೊರಹೋಗುವ ಬಾಯಿ ಮಾತ್ರ ಎರಡು. ಹೊಗೆ ಒಂದು ಕಡೆ ಕಮ್ಮಿ ಎಂದರೆ ಆ ಕಡೆಯ ಬಾಯಿಯಲ್ಲೋ ಸೈಲೆನ್ಸರಿನಲ್ಲೋ ಮಸಿ ಕಟ್ಟಿದೆ. ಎರಡೂ ಸೈಲೆನ್ಸರಿನ ಒಳಕೊಳವೆ ಎಳೆದು, ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ ತೊಳೆಯಿರಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಭಾಗ ಯಾವುದನ್ನೂ ಆ ನೀರಿಗೆ ಹಾಕಬೇಡಿ, ಕರಗಿಹೋಗುತ್ತದೆ. ಸಿಲಿಂಡರ್ ಬಾಯಿಯ ಮಸಿಯನ್ನು, ಪಿಸ್ಟನ್ ಆ ಬಾಯಿಯನ್ನು ಮುಚ್ಚಿರುವಾಗ, ಮರದ ಕಡ್ಡಿಯಿಂದ ಕೆರೆದು ತೆಗೆಯಬಹುದು.

ಪ್ರಶ್ನೆ: ಸ್ಪ್ಲೆಂಡರಿಗೆ ಕಾರ್ಬರೇಟರ್ ಸಿಂಕ್ ಎಂದು ಬಿಲ್ಲಿನಲ್ಲಿ ಬರೆದಿದ್ದಾರೆ. ಬೇಕಿತ್ತೆ?
— ಚಿತ್ರದುರ್ಗ

ಉತ್ತರ: ಇಲ್ಲ. ಒಂದೇ ಕಾರ್ಬರೇಟರನ್ನು ಯಾವುದಕ್ಕೆ ಹೊಂದಿಸುವುದು? ಐಡ್ಲಿಂಗ್ ಮತ್ತು ಮಿಕ್ಸ್ಚರ್ ಸ್ಕ್ರೂ ತಿರುಗಿಸಿದ್ದನ್ನೇ ಹಾಗೆ ಬರೆದಿರಬೇಕು. 2020ರ ಏಪ್ರಿಲ್‌ನಿಂದ ಬಿಎಸ್6 ಬಂದ ಮೇಲಿನ ಸ್ಪ್ಲೆಂಡರ್ ಆಗಿದ್ದರೆ ಅದರಲ್ಲಿ ಕಾರ್ಬರೇಟರೇ ಇಲ್ಲ, ಫ್ಯೂಯಲ್ ಇಂಜೆಕ್ಷನ್. ಆಗ ಬಿಲ್ಲನ್ನು ವಾಪಸ್ ಒಯ್ದು ಕೇಳಿ.

ಪ್ರಶ್ನೆ: ಮಳೆಗಾಲದ ನಾಲ್ಕು ತಿಂಗಳು ನಮ್ಮ ರಾಜದೂತ್ 350 ನಿಂತೇ ಇರುತ್ತದೆ. ಪ್ರತಿ ಸಲ ತೆಗೆದಾಗ ಒಂದು ಸಿಲಿಂಡರ್ ಐಡ್ಲಿಂಗಿನಲ್ಲಿ ಹೊಡೆಯುವುದಿಲ್ಲ, ಆಕ್ಸಿಲರೇಟರ್ ಕೊಟ್ಟರೆ ಹೊಡೆಯುತ್ತದೆ. ವರ್ಷವರ್ಷ ಸಿಂಕ್ ಮಾಡಿಸಿ ಸಾಕಾಗಿದೆ.
— ಕುಂದಾಪುರ

ಉತ್ತರ: ನಿಂತ ಗಾಡಿಯ ಸ್ಲೈಡ್ ತಾನಾಗಿ ಎತ್ತರ ಬದಲಿಸುವುದಿಲ್ಲ. ಐಡ್ಲಿಂಗಿನಲ್ಲಿ ಸತ್ತು ಆಕ್ಸಿಲರೇಟರಿನಲ್ಲಿ ಬದುಕುವ ಸಿಲಿಂಡರ್ ಎಂದರೆ ಹತ್ತರಲ್ಲಿ ಒಂಬತ್ತು ಸಲ ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಕಟ್ಟಿದೆ. ಕಾರ್ಬರೇಟರಿನ ತಳದ ಬೋಲಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತದೆ, ಆ ಜೆಟ್ಟಿನ ತೂತು ಅತಿ ಸಣ್ಣದು, ಮೊದಲು ಮುಚ್ಚುವುದು ಅದೇ. ಈಗಿನ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಕರಾವಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ನೀರಿನ ಜೊತೆ ಬೇರೆಯಾಗಿ ತಳಕ್ಕಿಳಿಯುತ್ತದೆ, ಬೋಲಿನೊಳಗೆ ಬಿಳಿ ಪುಡಿಯಂಥ ತುಕ್ಕು ಕಾಣುವುದು ಅದರಿಂದ.

ಜೆಟ್ ಬಿಚ್ಚಿ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು, ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣುವವರೆಗೆ ತೊಳೆಯಿರಿ. ಸ್ಟೀಲ್ ತಂತಿಯಿಂದ ಚುಚ್ಚಿದರೆ ಹಿತ್ತಾಳೆಯ ತೂತು ದೊಡ್ಡದಾಗಿ ಆ ಕಡೆ ಪೆಟ್ರೋಲ್ ಹೆಚ್ಚಾಗುತ್ತದೆ. ವಯರಿನಿಂದ ತೆಗೆದ ಮೆತ್ತನೆಯ ತಾಮ್ರದ ಒಂದು ಎಳೆ ಸಾಕು. ಎರಡೂ ಬೋಲಿನ ಫ್ಲೋಟ್ ಎತ್ತರ ಒಂದೇ ಇದೆಯೆ ನೋಡಿ. ಒಂದು ಕಡೆ ಪೆಟ್ರೋಲ್ ಮಟ್ಟ ಕೆಳಗಿದ್ದರೆ ಆ ಸಿಲಿಂಡರ್ ಲೀನ್ (ಪೆಟ್ರೋಲ್ ಕಮ್ಮಿ) ಓಡುತ್ತದೆ, ಯಾವ ಸಿಂಕೂ ಅದನ್ನು ಸರಿಮಾಡದು.

ಜೆಟ್ ಶುದ್ಧವಾದ ಮೇಲೂ ತೊಂದರೆ ಉಳಿದರೆ ಮ್ಯಾನಿಫೋಲ್ಡ್ ರಬ್ಬರಿನ ಬಿರುಕು, ರೀಡ್ ವಾಲ್ವಿನ (ಒಳಹೋದ ಗಾಳಿ ಹಿಂದೆ ಬರದಂತೆ ತಡೆಯುವ ತೆಳು ಪಟ್ಟಿ) ತುದಿ ಮುರಿದಿರುವುದು, ಕ್ರ್ಯಾಂಕ್ ಆಯಿಲ್ ಸೀಲ್, ಈ ಕ್ರಮದಲ್ಲಿ ಹುಡುಕಿ. ಐಡ್ಲಿಂಗಿನಲ್ಲಿರುವಾಗ ರಬ್ಬರಿನ ಸುತ್ತ ಸೋಪಿನ ನೀರು ಚಿಮುಕಿಸಿ. ಎಂಜಿನ್ನಿನ ಓಟ ಬದಲಾದರೆ ಗಾಳಿ ಅಲ್ಲಿಂದ ನುಗ್ಗುತ್ತಿದೆ. ಪೆಟ್ರೋಲ್ ಚಿಮುಕಿಸಿ ನೋಡುವ ಚಾಳಿ ಕೆಲವರಿಗಿದೆ, ಬಿಸಿ ಸಿಲಿಂಡರಿನ ಪಕ್ಕ ಅದು ಬೆಂಕಿಗೆ ಆಹ್ವಾನ. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದ್ದರೆ ಎಂಜಿನ್ ಗೇರ್ ಆಯಿಲ್ ಕುಡಿಯುತ್ತದೆ: ಹೊಗೆ ಒಂದೇ ಸೈಲೆನ್ಸರಿನಲ್ಲಿ ದಟ್ಟ, ಗೇರ್ ಬಾಕ್ಸಿನಲ್ಲಿ ಆಯಿಲ್ ಕಮ್ಮಿ.

ಮುಂದಿನ ಮಳೆಗಾಲಕ್ಕೆ: ಜೂನ್ ಮೊದಲ ವಾರ ಟ್ಯಾಂಕಿನ ನಲ್ಲಿ ಮುಚ್ಚಿ, ಎರಡೂ ಬೋಲಿನ ತಳದ ಸ್ಕ್ರೂ ಬಿಚ್ಚಿ ಪೆಟ್ರೋಲ್ ಬಸಿದುಬಿಡಿ. ಕೇಬಲ್ಲಿನ ಮೇಲ್ತುದಿಯಿಂದ ತೆಳು ಆಯಿಲ್ ಇಳಿಸಿ. ಕರಾವಳಿಯ ಗಾಡಿಗಳಲ್ಲಿ ನಿಜವಾಗಿ ಸಿಂಕ್ ತಪ್ಪುವುದು ಕೇಬಲ್ಲಿನ ಒಂದು ಕವಲು ತುಕ್ಕು ಹಿಡಿದು ಬಿಗಿಯಾದಾಗ.

ಪ್ರಶ್ನೆ: ಇಲ್ಲಿ ಹಳೆಯ ನಾಲ್ಕು ಸಿಲಿಂಡರಿನ ಹೋಂಡಾ ಸಿಬಿ750 ಕೊಂಡಿದ್ದೇನೆ, 1982ರದು. ವ್ಯಾಕ್ಯೂಮ್ ಗೇಜ್ ಸೆಟ್ ದುಬಾರಿ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಆಯಿಲ್ ಹಾಕಿ ಸಿಂಕ್ ಮಾಡಬಹುದು ಎನ್ನುತ್ತಾರೆ. ಹೇಗೆ, ಎಷ್ಟು ಸಲ?
— ಡಲ್ಲಾಸ್, ಅಮೆರಿಕ

ಉತ್ತರ: ಆ ಕಾಲದ ಜಪಾನಿ ನಾಲ್ಕು ಸಿಲಿಂಡರಿನ ಗಾಡಿಗಳಿಗೆ ಸುಮಾರು 6,000 ಕಿಲೋಮೀಟರಿಗೊಮ್ಮೆ ಸಿಂಕ್ ಪರೀಕ್ಷೆ ಸಾಕು. ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೆ ಬಿಡುವ ಸಂದು) ನೋಡಿದ ಮೇಲೆ ಮಾತ್ರ ಮಾಡಿ. ಬಿಗಿಯಾದ ವಾಲ್ವ್ ಪೂರ್ತಿ ಮುಚ್ಚದೆ ಆ ಸಿಲಿಂಡರಿನ ವ್ಯಾಕ್ಯೂಮ್ ತಗ್ಗುತ್ತದೆ. ನೀವು ಅದಕ್ಕೆ ಕಾರ್ಬರೇಟರನ್ನು ಹೊಂದಿಸಿದರೆ ತಪ್ಪಿಗೆ ತಪ್ಪು ಕೂಡಿಸಿದಂತೆ.

ಟ್ಯೂಬ್ ವಿಧಾನ ಒಳ್ಳೆಯದೇ, ಎಷ್ಟೋ ಗೇಜುಗಳಿಗಿಂತ ಸೂಕ್ಷ್ಮ. ಪಾರದರ್ಶಕ ಟ್ಯೂಬನ್ನು ಎದೆಯೆತ್ತರದ ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ಅರ್ಧದವರೆಗೆ ಟೂ ಸ್ಟ್ರೋಕ್ ಆಯಿಲ್ ತುಂಬಿ. ಎರಡು ತುದಿಯನ್ನು ಎರಡು ಇನ್‌ಟೇಕಿನ ವ್ಯಾಕ್ಯೂಮ್ ನಿಪ್ಪಲ್ಲಿಗೆ ಸಿಕ್ಕಿಸಿದರೆ, ಹೆಚ್ಚು ಎಳೆಯುವ ಸಿಲಿಂಡರಿನ ಕಡೆ ಆಯಿಲ್ ಏರುತ್ತದೆ. ಜಪಾನಿ ಮ್ಯಾನ್ಯುಯಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ ಪಾದರಸದ 20 ಮಿ.ಮೀ. ವ್ಯತ್ಯಾಸ. ಪಾದರಸ ನೀರಿನ 13.6 ಪಟ್ಟು ಭಾರ, ಆಯಿಲ್ ನೀರಿಗಿಂತ ಹಗುರ, ಹಾಗಾಗಿ ಆ 20 ಮಿ.ಮೀ. ನಿಮ್ಮ ಟ್ಯೂಬಿನಲ್ಲಿ 30 ಸೆಂಟಿಮೀಟರಿಗಿಂತ ಹೆಚ್ಚಾಗಿ ಕಾಣುತ್ತದೆ. ಆಯಿಲ್ ಒಂದು ಗೇಣು ಏರುಪೇರಾದರೆ ಗಾಬರಿ ಬೇಡ, ಅದು ಮಿತಿಯೊಳಗೇ ಇದೆ. ನೆಲಕ್ಕೆ ಬಿದ್ದರೆ ಬಳಿಯಲಾಗದ, ವಿಷದ ಆವಿ ಬಿಡುವ, ಅಲ್ಯೂಮಿನಿಯಂ ತಿನ್ನುವ ಪಾದರಸದ ಹಳೆಯ ಗೇಜು ಯಾರಾದರೂ ಅಗ್ಗಕ್ಕೆ ಕೊಟ್ಟರೂ ಬೇಡ.

ಈ ವಿಧಾನದ ಅಪಾಯ ಒಂದೇ. ಒಂದು ತುದಿ ಕಳಚಿಕೊಂಡರೆ ಇನ್ನೊಂದು ಸಿಲಿಂಡರ್ ಇಡೀ ಆಯಿಲನ್ನು ಎಳೆದು ಕುಡಿಯುತ್ತದೆ, ಬೀದಿಯೆಲ್ಲ ಹೊಗೆ. ಐಡ್ಲಿಂಗಿನ ವ್ಯಾಕ್ಯೂಮ್ ಆಯಿಲನ್ನು ಮೂರು ಮೀಟರಿಗೂ ಮೇಲೆ ಎತ್ತಬಲ್ಲದು. ಎರಡೂ ತುದಿಯಲ್ಲಿ, ಎಂಜಿನ್ನಿಗೆ ಮುಂಚೆ, ಮುಚ್ಚಳದಲ್ಲಿ ಎರಡು ತೂತಿನ ಗಟ್ಟಿ ಗಾಜಿನ ಸಣ್ಣ ಸೀಸೆ ಕೂಡಿಸಿ. ಉಕ್ಕಿದ್ದು ಅದರಲ್ಲಿ ನಿಲ್ಲುತ್ತದೆ. ಟ್ಯೂಬಿನೊಳಗೆ ಹಳೆಯ ಜೆಟ್ ಒಂದನ್ನು ತೂರಿಸಿಟ್ಟರೆ ಆಯಿಲಿನ ಕುಣಿತವೂ ನಿಲ್ಲುತ್ತದೆ.

ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ಬಿಸಿಮಾಡಿ. ಟ್ಯಾಂಕ್ ತೆಗೆಯಬೇಕಾಗುತ್ತದೆ, ಸಣ್ಣ ಬಾಟಲಿಯಿಂದ ಪೆಟ್ರೋಲ್ ಕೊಡಿ, ಅದನ್ನು ಎಂಜಿನ್ನಿನಿಂದ ದೂರ, ಎತ್ತರಕ್ಕೆ, ಬೀಳದಂತೆ ಕಟ್ಟಿ. ಗ್ಯಾರೇಜಿನ ಬಾಗಿಲು ತೆರೆದರೆ ಸಾಲದು, ಗಾಡಿಯನ್ನೇ ಹೊರಗೆ ನಿಲ್ಲಿಸಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಏರ್‌ಕೂಲ್ಡ್ ಎಂಜಿನ್ ಆದ್ದರಿಂದ ಮುಂದೆ ಟೇಬಲ್ ಫ್ಯಾನ್ ಇರಲಿ.

ಯು ಟ್ಯೂಬ್ ಒಮ್ಮೆಗೆ ಎರಡನ್ನಷ್ಟೇ ಹೋಲಿಸುತ್ತದೆ. ನಾಲ್ಕು ಕಾರ್ಬರೇಟರಿಗೆ ಸಿಂಕ್ ಸ್ಕ್ರೂ ಮೂರು. ಹಲವು ಜಪಾನಿ ಗಾಡಿಗಳಲ್ಲಿ ಮೊದಲು ಒಂದು-ಎರಡು, ಆಮೇಲೆ ಮೂರು-ನಾಲ್ಕು, ಕೊನೆಗೆ ನಡುವಿನ ಸ್ಕ್ರೂನಿಂದ ಎರಡು ಜೋಡಿಯನ್ನು ಹೊಂದಿಸುತ್ತಾರೆ. ಹೋಂಡಾದ ಕೆಲವು ಮಾದರಿಗಳಲ್ಲಿ ಒಂದು ಕಾರ್ಬರೇಟರ್ ಆಧಾರ, ಅದಕ್ಕೆ ಸ್ಕ್ರೂ ಇರುವುದಿಲ್ಲ, ಉಳಿದ ಮೂರನ್ನು ಅದಕ್ಕೆ ತಂದು ನಿಲ್ಲಿಸಬೇಕು. ಕಾರ್ಬರೇಟರುಗಳನ್ನು ಕೂಡಿಸುವ ಲಿಂಕೇಜ್ ನೋಡಿದರೆ ನಿಮ್ಮದು ಯಾವುದೆಂದು ತಿಳಿಯುತ್ತದೆ. ಸ್ಕ್ರೂ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿ, ಆಕ್ಸಿಲರೇಟರ್ ಒಮ್ಮೆ ಚಿಟ್ಟನೆ ಕೊಟ್ಟು ಬಿಟ್ಟು, ಆಯಿಲ್ ನಿಂತ ಮೇಲೆ ನೋಡಿ. ಐಡ್ಲಿಂಗ್ ಏರಿದ್ದರೆ 1,000ಕ್ಕೆ ಇಳಿಸಿಕೊಳ್ಳುತ್ತ ಹೋಗಿ.

ಒಂದು ಎಚ್ಚರ: ಮೇಲೆ ಹೇಳಿದ ಟೂ ಸ್ಟ್ರೋಕ್ ರಾಜದೂತಿನ ಏರ್ ಸ್ಕ್ರೂ ಒಳಗೆ ತಿರುಗಿಸಿದರೆ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ. ನಿಮ್ಮ ಕಾರ್ಬರೇಟರಿನಲ್ಲಿ ಮಿಕ್ಸ್ಚರ್ ಸ್ಕ್ರೂ ಎಂಜಿನ್ ಕಡೆಗಿದೆ, ಪೆಟ್ರೋಲನ್ನೇ ತಡೆಯುತ್ತದೆ, ಹೊರಗೆ ತಿರುಗಿಸಿದರೆ ರಿಚ್. ಸಿಂಕ್ ಮಾಡುವಾಗ ಅದನ್ನು ಮುಟ್ಟಬೇಡಿ.

ಪ್ರಶ್ನೆ: 1980ರ ದಶಕದ ಬಿಎಂಡಬ್ಲ್ಯೂ ಆರ್80 ಬಾಕ್ಸರ್. ಇದಕ್ಕೂ 6,000 ಕಿಲೋಮೀಟರೇ ಲೆಕ್ಕವೆ?
— ಮ್ಯೂನಿಕ್, ಜರ್ಮನಿ

ಉತ್ತರ: ಇನ್ನೂ ಬೇಗ ನೋಡಿ, 5,000ಕ್ಕೇ. ಹೋಂಡಾದ ನಾಲ್ಕು ಕಾರ್ಬರೇಟರ್ ಒಂದೇ ಪಟ್ಟಿಗೆ ಬಿಗಿದು ಲಿಂಕೇಜಿನಿಂದ ಕೂಡಿಕೊಂಡಿವೆ, ಸುಲಭಕ್ಕೆ ತಪ್ಪುವುದಿಲ್ಲ. ನಿಮ್ಮ ಎರಡು ಬಿಂಗ್ ಕಾರ್ಬರೇಟರ್ ಎಂಜಿನ್ನಿನ ಎರಡು ಪಕ್ಕದಲ್ಲಿ ದೂರದೂರ, ನಡುವೆ ಇರುವುದು ಕೇಬಲ್ ಮಾತ್ರ. ತಣ್ಣನೆ ಎಂಜಿನ್ನಿನಲ್ಲಿ ಟ್ಯಾಪೆಟ್ (ವಾಲ್ವ್ ಕ್ಲಿಯರೆನ್ಸ್) ಇನ್‌ಟೇಕಿಗೆ 0.10, ಎಕ್ಸಾಸ್ಟಿಗೆ 0.20 ಮಿ.ಮೀ. ಇಟ್ಟು ಶುರುಮಾಡಿ.

ಸಿಂಕ್ ಎರಡು ಹಂತ. ಮೊದಲು ಐಡ್ಲಿಂಗ್: ಎರಡೂ ಕೇಬಲ್ಲಿಗೆ ಸಡಿಲ ಕೊಟ್ಟು, ಥ್ರಾಟಲ್ ಸ್ಟಾಪ್ ಸ್ಕ್ರೂಗಳಿಂದ ಎಡಬಲ ಸಮ ಮಾಡಿ. ಆಮೇಲೆ ಕೇಬಲ್: ಆಕ್ಸಿಲರೇಟರ್ ಕೊಂಚ ಎತ್ತಿ 1,500ರಿಂದ 2,000 ಆರ್‌ಪಿಎಂನಲ್ಲಿ ಹಿಡಿದು, ಹಿಂದುಳಿಯುವ ಕಡೆಯ ಕೇಬಲ್ ಅಡ್ಜಸ್ಟರನ್ನು ಹೊರಗೆ ತಿರುಗಿಸಿ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಮಾಡುವವರ ಗಾಡಿ ಹೆದ್ದಾರಿಯಲ್ಲಿ ನಯವಾಗಿ ಓಡಿ ಸಿಗ್ನಲ್ಲಿನಲ್ಲಿ ನಡುಗುತ್ತದೆ. ಕೊನೆಗೆ ಎರಡೂ ಕೇಬಲ್ಲಿನಲ್ಲಿ 1 ಮಿ.ಮೀ. ಸಡಿಲ ಇದೆಯೆ ನೋಡಿ, ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಗೆ ತಿರುಗಿಸಿ. ಆರ್‌ಪಿಎಂ ಅಲುಗಿದರೆ ಕೇಬಲ್ ಎಲ್ಲೋ ಟ್ಯಾಂಕಿನ ಕೆಳಗೆ ಒತ್ತಿಕೊಂಡಿದೆ, ಅದರ ದಾರಿ ಬದಲಿಸಿ ಎರಡನೇ ಹಂತವನ್ನು ಮತ್ತೆ ಮಾಡಬೇಕು.